ಒಂದು ಸಾಲಿನ ಪ್ರಸ್ತಾವ: ಪದವಿ ಕೋರ್ಸ್‌ಗಳ ಬದಲಾವಣೆಗೆ ಅಧ್ಯಾಪಕರು ಒಪ್ಪಿಗೆ ಕೊಡುವಾಗ

(ಪಠ್ಯಕ್ರಮ ಸಮಿತಿಗಳಿಗೆ ಹೊಸದಾಗಿ ಬಂದ ಅಧ್ಯಾಪಕರಿಗೆ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಒಂದು ಪ್ರಸ್ತಾವವನ್ನು ನಿಮ್ಮ ಮುಂದಿಟ್ಟೇ ಮಾತು ಶುರುಮಾಡುತ್ತೇನೆ. ಇದು ಕಾಲ್ಪನಿಕ. ಆದರೆ ಇಂಥದ್ದೊಂದು ಸಿಗದ ವಿಶ್ವವಿದ್ಯಾಲಯ ಇರಲಾರದು.

ಗಣಿತ ವಿಭಾಗ ಬರೆದಿರುವುದು ಇಷ್ಟೇ: "ಎರಡನೇ ಸೆಮಿಸ್ಟರಿನ ಕಲನಶಾಸ್ತ್ರದ ಕೋರ್ಸನ್ನು 4 ಕ್ರೆಡಿಟ್‌ನಿಂದ 3ಕ್ಕೆ ಇಳಿಸುವುದು, ಅದರಲ್ಲಿದ್ದ ಮ್ಯಾಟ್ರಿಕ್ಸ್ ಭಾಗವನ್ನು ಮೂರನೇ ಸೆಮಿಸ್ಟರಿನ 3 ಕ್ರೆಡಿಟ್‌ಗಳ ಹೊಸ ಕೋರ್ಸಿಗೆ ಒಯ್ಯುವುದು." ಕಾರಣವೂ ಸರಿಯಾದದ್ದೇ. ಒಂದೇ ಕೋರ್ಸಿನಲ್ಲಿ ಎರಡು ವಿಷಯ ತುರುಕಿದ್ದರಿಂದ ಎರಡೂ ಅರೆಬರೆ ಆಗುತ್ತಿವೆ. ಸಭೆಯಲ್ಲಿ ಇದನ್ನು ಓದಲು ಒಂದು ನಿಮಿಷ ಸಾಕು. ಯಾರೋ ಸೂಚಿಸುತ್ತಾರೆ, ಯಾರೋ ಅನುಮೋದಿಸುತ್ತಾರೆ, ಮುಂದಿನ ವಿಷಯಕ್ಕೆ ಹೋಗುತ್ತೇವೆ.

ಈಗ ಲೆಕ್ಕ ಹಾಕಿ. ಪದವಿಗೆ ಬೇಕಾದದ್ದು ಒಟ್ಟು 120 ಕ್ರೆಡಿಟ್ ಎಂದುಕೊಳ್ಳೋಣ. ಗಣಿತದ ವಿದ್ಯಾರ್ಥಿಗೆ 4 ಇದ್ದದ್ದು 3 ಮತ್ತು 3 ಸೇರಿ 6 ಆಯಿತು, ಒಟ್ಟು 122. ಭೌತವಿಜ್ಞಾನದ ವಿದ್ಯಾರ್ಥಿಗೆ ಹಳೆಯ ಕೋರ್ಸೊಂದೇ ಕಡ್ಡಾಯವಾಗಿತ್ತು. ಅವನಿಗೆ 4 ಇದ್ದದ್ದು 3 ಆಗಿ ಒಟ್ಟು 119ಕ್ಕೆ ಬಂತು, ಮ್ಯಾಟ್ರಿಕ್ಸ್ ಕಲಿಯದೆಯೇ ಉಳಿದ. ಹೊಸ ಕೋರ್ಸನ್ನೂ ಅವನಿಗೆ ಕಡ್ಡಾಯ ಮಾಡಿದರೆ 122. ಹೋಗಲಿ ಎಂದು ಕಡ್ಡಾಯ ಮಾಡಿದಿರಿ ಎನ್ನಿ. ಆ ಕೋರ್ಸ್ ಇರುವುದು ಮೂರನೇ ಸೆಮಿಸ್ಟರಿನಲ್ಲಿ. ಅದೇ ಸೆಮಿಸ್ಟರಿನ ಯಂತ್ರಶಾಸ್ತ್ರದ ಪಾಠದಲ್ಲಿ ಒಂಬತ್ತನೇ ವಾರಕ್ಕೆ ಜೋಡಿ ಆಂದೋಲಕಗಳು ಬರುತ್ತವೆ, ಅಲ್ಲಿ ಮ್ಯಾಟ್ರಿಕ್ಸ್ ಭಾಗದಲ್ಲಿ ಕಲಿಸುವ ಐಗನ್ ಮೌಲ್ಯ ಗೊತ್ತಿರಲೇಬೇಕು. ಹೊಸ ಗಣಿತ ಕೋರ್ಸಿನಲ್ಲಿ ಐಗನ್ ಮೌಲ್ಯ ಬರುವುದು ಹನ್ನೊಂದನೇ ವಾರದಲ್ಲಿ. ಎರಡು ವಾರದ ಅಂತರ. ಯಾವ ನಮೂನೆಯ ಯಾವ ಅಂಕಣದಲ್ಲೂ ಈ ಎರಡು ವಾರ ಕಾಣುವುದಿಲ್ಲ.

ಕೋರ್ಸ್ ಒಳ್ಳೆಯದೋ ಕೆಟ್ಟದ್ದೋ ಎಂದು ತೂಗುವುದು ವಿಭಾಗದ ಕೆಲಸ. ಅದು ವಿಭಾಗದವರಿಗೇ ಚೆನ್ನಾಗಿ ಗೊತ್ತು. ವಿಭಾಗದ ಹೊರಗೆ ಅದು ಯಾರನ್ನು ತಟ್ಟುತ್ತದೆ, ಯಾವ ತಂಡದ ವಿದ್ಯಾರ್ಥಿಗಳನ್ನು ಎಲ್ಲಿ ಸಿಕ್ಕಿಸುತ್ತದೆ ಎಂದು ಹುಡುಕುವುದಕ್ಕಾಗಿಯೇ ಸಮಿತಿ ಇರುವುದು. ಇಂದಿನ ಮಾತೆಲ್ಲ ಇದರ ಸುತ್ತಲೇ ಇರುತ್ತದೆ.

ಮೊದಲು, ಅಧಿಕಾರ ಯಾರದು? ಒಂದೊಂದು ಕಡೆ ಒಂದೊಂದು ಏರ್ಪಾಡು. ಭಾರತದ ವಿಶ್ವವಿದ್ಯಾಲಯಗಳಲ್ಲಿ ಅಧ್ಯಯನ ಮಂಡಳಿ ಕರಡು ಮಾಡುತ್ತದೆ, ಸಾಮಾನ್ಯವಾಗಿ ಅದು ನಿಕಾಯದ (ಹತ್ತಿರದ ವಿಭಾಗಗಳ ಗುಂಪಿನ) ಮೂಲಕ ವಿದ್ಯಾವಿಷಯಕ ಪರಿಷತ್ತಿಗೆ ಹೋಗಿ ಅಂತಿಮವಾಗುತ್ತದೆ. ಅಮೆರಿಕದಲ್ಲಿ ವಿಭಾಗ, ಕಾಲೇಜಿನ ಪಠ್ಯಕ್ರಮ ಸಮಿತಿ, ಅಧ್ಯಾಪಕರ ಸೆನೆಟ್ ಎಂಬ ಮೆಟ್ಟಿಲುಗಳು ಸಾಮಾನ್ಯ. ಅಲ್ಲಿಯ ಪ್ರಾಧ್ಯಾಪಕರ ಸಂಘವು ಆಡಳಿತ ಮಂಡಳಿಗಳ ಮತ್ತು ಕಾಲೇಜುಗಳ ಒಕ್ಕೂಟಗಳೊಡನೆ ಸೇರಿ 1966ರಲ್ಲಿ ರೂಪಿಸಿದ ಹೇಳಿಕೆಯ ಪ್ರಕಾರ ಪಠ್ಯಕ್ರಮ, ಪಾಠದ ವಸ್ತು, ಬೋಧನಾ ಕ್ರಮಗಳ ಪ್ರಾಥಮಿಕ ಹೊಣೆ ಅಧ್ಯಾಪಕರದು. ಆಡಳಿತ ಅದನ್ನು ತಳ್ಳಿಹಾಕುವುದು ಅಪರೂಪವಾಗಿರಬೇಕು, ಹಾಗೆ ಮಾಡಿದಾಗ ಕಾರಣವನ್ನು ಅಧ್ಯಾಪಕರಿಗೆ ತಿಳಿಸಬೇಕು. ಅಧಿಕಾರ ಅಧ್ಯಾಪಕರದಾದರೆ ತಪ್ಪಿನ ಹೊಣೆಯೂ ಅವರದೇ. ಸಭೆಯಲ್ಲಿ ಸುಮ್ಮನೆ ಕೈಯೆತ್ತಿದವರದೂ ಸೇರಿ.

ಎಲ್ಲ ಬದಲಾವಣೆಗೂ ಒಂದೇ ದಾರಿ ಇರಬೇಕಿಲ್ಲ. ಹೆಸರಿನ ಕಾಗುಣಿತ ತಿದ್ದುವುದು, ವಿವರಣೆಯ ಒಂದು ಪದ ಬದಲಿಸುವುದು ಇಂಥವನ್ನೆಲ್ಲ ಕಾರ್ಯಸೂಚಿಯಲ್ಲಿ ಒಟ್ಟಾಗಿಟ್ಟು ಚರ್ಚೆಯಿಲ್ಲದೆ ಒಪ್ಪಿಬಿಡುವ ಪದ್ಧತಿ ಹಲವೆಡೆ ಇದೆ. ಯಾವುದೇ ಸದಸ್ಯರು ಕೇಳಿದರೂ ಒಂದು ವಿಷಯವನ್ನು ಆ ಕಟ್ಟಿನಿಂದ ಹೊರತೆಗೆದು ಚರ್ಚೆಗೆ ಇಡಬೇಕು ಎಂಬ ನಿಯಮ ಇದ್ದರೆ ಮಾತ್ರ ಇದು ಸುರಕ್ಷಿತ. ಗಮನಿಸಬೇಕಾದದ್ದು, ದೊಡ್ಡ ಬದಲಾವಣೆಗಳು ಸಣ್ಣವುಗಳ ವೇಷ ಹಾಕಿಕೊಂಡು ಈ ಕಟ್ಟಿನೊಳಗೆ ಸೇರಿಬಿಡುತ್ತವೆ. "ವಿವರಣೆ ಪರಿಷ್ಕರಣೆ" ಎಂದು ಬಂದದ್ದರಲ್ಲಿ ಕೊನೆಯ ಸಾಲು "ಪ್ರಯೋಗಾಲಯ ಒಳಗೊಂಡಿರುವುದಿಲ್ಲ" ಎಂದಿರುತ್ತದೆ. ಹಳೆಯ ಪಠ್ಯ ಎಡಕ್ಕೆ, ಹೊಸದು ಬಲಕ್ಕೆ, ತೆಗೆದದ್ದಕ್ಕೆ ಅಡ್ಡಗೀಟು, ಸೇರಿಸಿದ್ದಕ್ಕೆ ಅಡಿಗೀಟು: ಹೀಗೆ ಕೊಡದ ಪ್ರಸ್ತಾವವನ್ನು ಓದಲೇಬೇಡಿ, ಹಿಂದಕ್ಕೆ ಕಳಿಸಿ. ಹೊಸ ಪಠ್ಯವೊಂದನ್ನೇ ಓದಿ ಏನು ಬದಲಾಗಿದೆ ಎಂದು ಕಂಡುಹಿಡಿಯುವುದು ಯಾರಿಂದಲೂ ಆಗದು.

ಕ್ರೆಡಿಟ್ ವಿಷಯಕ್ಕೆ ಬರೋಣ. ಕೋರ್ಸಿಗೆ ಎಷ್ಟು ಕ್ರೆಡಿಟ್ ಎಂಬುದು ವಿಭಾಗದ ಗೌರವದ ಪ್ರಶ್ನೆ ಎಂಬಂತೆ ಚರ್ಚೆಯಾಗುತ್ತದೆ. ಅಸಲಿಗೆ ಅದು ಗಂಟೆಗಳ ಲೆಕ್ಕ. ಈ ಗಂಟೆಯ ಲೆಕ್ಕದ ಹುಟ್ಟೂ ವಿಚಿತ್ರ: 20ನೇ ಶತಮಾನದ ಆರಂಭದಲ್ಲಿ ಅಮೆರಿಕದ ಕಾರ್ನೆಗಿ ಪ್ರತಿಷ್ಠಾನ ಪ್ರಾಧ್ಯಾಪಕರಿಗೆ ಪಿಂಚಣಿ ಕೊಡಲು ಹೊರಟಾಗ, ಅದಕ್ಕೆ ಅರ್ಹವಾಗುವ ಕಾಲೇಜುಗಳು ಪ್ರವೇಶಕ್ಕೆ ಪ್ರೌಢಶಾಲೆಯ ಓದನ್ನು ಇಂತಿಷ್ಟು ಗಂಟೆಯ ಘಟಕಗಳಲ್ಲಿ ಅಳೆಯಬೇಕೆಂಬ ಷರತ್ತು ಹಾಕಿತು. ಪಿಂಚಣಿಗಾಗಿ ಬಂದ ಅಳತೆಗೋಲು ಕಲಿಕೆಯನ್ನು ಅಳೆಯಲು ಉಳಿದುಕೊಂಡಿತು. ಈಗ ಅಮೆರಿಕದಲ್ಲಿ ಒಂದು ಕ್ರೆಡಿಟ್ ಎಂದರೆ ಸುಮಾರು 15 ವಾರ, ವಾರಕ್ಕೆ 1 ಗಂಟೆ ತರಗತಿ, ತರಗತಿಯ ಹೊರಗೆ ಕನಿಷ್ಠ 2 ಗಂಟೆ ಕೆಲಸ. ಭಾರತದ ಚೌಕಟ್ಟಿನಲ್ಲಿ ಉಪನ್ಯಾಸಕ್ಕೆ ಕ್ರೆಡಿಟ್ ಒಂದಕ್ಕೆ ಸೆಮಿಸ್ಟರಿಗೆ 15 ಗಂಟೆ, ಪ್ರಯೋಗಕ್ಕೆ 30 ಗಂಟೆ. ಯುರೋಪಿನ ಪದ್ಧತಿ ವಿದ್ಯಾರ್ಥಿಯ ಒಟ್ಟು ದುಡಿಮೆಯನ್ನೇ ಅಳೆಯುತ್ತದೆ: ವರ್ಷಕ್ಕೆ 60 ಕ್ರೆಡಿಟ್, ಒಂದೊಂದಕ್ಕೆ 25ರಿಂದ 30 ಗಂಟೆ. ಬೇರೆಡೆಯ ಕೋರ್ಸನ್ನು ನೋಡಿ ಪ್ರಸ್ತಾವ ತಯಾರಿಸುವವರು ಅಲ್ಲಿಯ 6 ಕ್ರೆಡಿಟನ್ನು ಇಲ್ಲಿಯ 6 ಎಂದುಕೊಂಡು ಎಡವುವುದು ಇಲ್ಲಿಯೇ.

ಪರೀಕ್ಷಿಸುವ ಕ್ರಮ ಸರಳ. ವಾರಕ್ಕೆ 1 ಗಂಟೆ ತರಗತಿ, 2 ಗಂಟೆ ಹೊರಗಿನ ಕೆಲಸ ಎಂಬ ಅಳತೆಯಲ್ಲಿ 3 ಕ್ರೆಡಿಟ್ ಕೋರ್ಸ್ ಎಂದರೆ ತರಗತಿಗೆ 45 ಗಂಟೆ, ಹೊರಗೆ 90. ಈಗ ಸಿಲಬಸ್ ತೆರೆಯಿರಿ. 12 ಅಸೈನ್‌ಮೆಂಟ್, ಒಂದೊಂದಕ್ಕೆ 6 ಗಂಟೆ: 72. ವಾರಕ್ಕೆ 3 ಗಂಟೆಯ ಓದು: 45. ಕೊನೆಯಲ್ಲಿ 40 ಗಂಟೆಯ ಯೋಜನಾ ಕಾರ್ಯ. ಒಟ್ಟು 157. ಇರುವುದು 90. ಕೋರ್ಸ್ ಮಾಡಿದವರು "ನಮ್ಮ ಮಕ್ಕಳು ಶ್ರಮಪಡಲಿ" ಎನ್ನುತ್ತಾರೆ. ವಿದ್ಯಾರ್ಥಿ ಅದೇ ಸೆಮಿಸ್ಟರಿನಲ್ಲಿ ಇನ್ನೂ ನಾಲ್ಕು ಕೋರ್ಸ್ ತೆಗೆದುಕೊಂಡಿರುತ್ತಾನೆ. ಆ ಹೆಚ್ಚುವರಿ 67 ಗಂಟೆಯನ್ನು ಅವನು ಆ ನಾಲ್ಕರಿಂದಲೇ ಕದಿಯಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತನ್ನು ಪಠ್ಯಕ್ರಮ ಸಮಿತಿಯ ಬಾಗಿಲಿಗೆ ಬರೆಸಬಹುದು.

ಇದರ ಜೋಡಿ ರೋಗ ಕಡ್ಡಾಯ ಕೋರ್ಸ್‌ಗಳು ಬೆಳೆಯುತ್ತ ಹೋಗುವುದು. ಪ್ರತಿ ಪರಿಷ್ಕರಣೆಯಲ್ಲೂ ಒಂದು ಸೇರುತ್ತದೆ, ಯಾವುದೂ ಹೋಗುವುದಿಲ್ಲ. ಯಾಕೆಂದರೆ ಸೇರಿಸುವಾಗ ಯಾರಿಗೂ ನೋವಾಗುವುದಿಲ್ಲ, ತೆಗೆಯುವಾಗ ಅದನ್ನು ಪಾಠ ಮಾಡುವವರು ಎದುರಿಗೇ ಕೂತಿರುತ್ತಾರೆ. ಐಚ್ಛಿಕಗಳಿಗೆ ಇದ್ದ ಜಾಗ ಹೀಗೆ ಸದ್ದಿಲ್ಲದೆ ಕರಗುತ್ತದೆ. ಹೊಸ ಕಡ್ಡಾಯ ಕೋರ್ಸ್ ಕೇಳುವ ವಿಭಾಗ, ಅಷ್ಟೇ ಕ್ರೆಡಿಟ್ ಎಲ್ಲಿಂದ ತೆಗೆಯುತ್ತೇವೆ ಎಂದು ಅದೇ ಹಾಳೆಯಲ್ಲಿ ಬರೆಯಬೇಕು. "ಐಚ್ಛಿಕದಿಂದ" ಎಂಬುದೂ ಉತ್ತರವೇ, ಆದರೆ ಅದನ್ನು ಬರೆದು ಕೊಡಲಿ.

ಪೂರ್ವಾರ್ಹತೆಗಳ, ಅಂದರೆ ಒಂದು ಕೋರ್ಸಿಗೆ ಸೇರುವ ಮೊದಲು ಮುಗಿಸಿರಬೇಕಾದ ಕೋರ್ಸ್‌ಗಳ, ವಿಷಯದಲ್ಲಿ ಸ್ವಲ್ಪ ನಿಧಾನಿಸುತ್ತೇನೆ. ಹೆಚ್ಚಿನ ಅನಾಹುತ ನಡೆಯುವುದೇ ಇಲ್ಲಿ.

ಆರು ಸೆಮಿಸ್ಟರಿನ ಪದವಿ. ಒಂದರ ಮೇಲೊಂದು ನಿಂತ ಐದು ಕೋರ್ಸ್‌ಗಳ ಸರಪಳಿ. ಅಂದರೆ ವಿದ್ಯಾರ್ಥಿಗೆ ಒಂದು ಸೆಮಿಸ್ಟರಿನ ಉಸಿರು ಇದೆ. ಎಲ್ಲೋ ಒಂದು ಕಡೆ ಅನುತ್ತೀರ್ಣನಾದರೂ, ಕೋರ್ಸ್ ಪ್ರತಿ ಸೆಮಿಸ್ಟರ್ ನಡೆಯುವುದಾದರೆ, ಆರರಲ್ಲಿ ಮುಗಿಸಬಹುದು. ಈಗ ಯಾರೋ ಸರಪಳಿಯ ತಲೆಗೆ ಇನ್ನೊಂದು ಕೊಂಡಿ ಹಾಕಿದರು: "ವಿದ್ಯಾರ್ಥಿಗಳ ಅಡಿಪಾಯ ಗಟ್ಟಿ ಇಲ್ಲ, ಒಂದು ಪೀಠಿಕಾ ಕೋರ್ಸ್ ಇರಲಿ." ಸರಪಳಿ ಆರಾಯಿತು, ಉಸಿರು ಸೊನ್ನೆ. ಇನ್ನು ಕೊಂಡಿಗಳಲ್ಲಿ ಒಂದು ವರ್ಷಕ್ಕೊಮ್ಮೆ ಮಾತ್ರ ನಡೆಯುವುದಾದರೆ, ಅದರಲ್ಲಿ ಬಿದ್ದವನಿಗೆ ಹೋಗುವುದು ಎರಡು ಸೆಮಿಸ್ಟರ್, ಪದವಿ ಮುಗಿಯುವುದು ಎಂಟರಲ್ಲಿ. ಪೀಠಿಕಾ ಕೋರ್ಸ್ ಬೇಡ ಎನ್ನುತ್ತಿಲ್ಲ. ಸೇರಿಸುವ ಮೊದಲು ಸರಪಳಿಯನ್ನು ಹಲಗೆಯ ಮೇಲೆ ಬರೆದು, ಪ್ರತಿ ಕೊಂಡಿಯ ಪಕ್ಕ ಅದು ಯಾವ ಸೆಮಿಸ್ಟರಿನಲ್ಲಿ ನಡೆಯುತ್ತದೆ ಎಂದು ಗುರುತಿಸಿ, ಉಳಿದ ಉಸಿರೆಷ್ಟು ಎಂದು ಎಣಿಸಿ. ಹತ್ತು ನಿಮಿಷದ ಕೆಲಸ.

ವಿಭಾಗಗಳು ಪೂರ್ವಾರ್ಹತೆಯನ್ನು ಎರಡು ಕಾರಣಕ್ಕೆ ಹಾಕುತ್ತವೆ. ಒಂದು, ಆ ತಿಳಿವಳಿಕೆ ಇಲ್ಲದೆ ಈ ಪಾಠ ಅರ್ಥವಾಗದು. ಇನ್ನೊಂದು, ಬಾಯಿಬಿಟ್ಟು ಹೇಳದ ಕಾರಣ: ತರಗತಿ ತುಂಬಿ ತುಳುಕದಿರಲಿ, ದುರ್ಬಲರು ಮೊದಲೇ ಸೋಸಿಹೋಗಲಿ. ಎರಡನೆಯದಕ್ಕೆ ಪೂರ್ವಾರ್ಹತೆ ತಪ್ಪು ಉಪಕರಣ. ಸೀಟಿನ ಮಿತಿ ಬೇಕಿದ್ದರೆ ಸೀಟಿನ ಮಿತಿ ಹಾಕಲಿ. ಗುರುತಿಸುವ ಬಗೆ ಇಷ್ಟೇ: "ಹಿಂದಿನ ಕೋರ್ಸಿನ ಯಾವ ಭಾಗ ಇಲ್ಲಿ ಯಾವ ವಾರದಲ್ಲಿ ಬೇಕಾಗುತ್ತದೆ?" ಎಂದು ಕೇಳಿ. ಮೂರು ಉದಾಹರಣೆ ಬಂದರೆ ಮೊದಲನೆಯ ಕಾರಣ. "ಒಟ್ಟಾರೆ ಪ್ರೌಢತೆ ಬೇಕು" ಎಂದು ಬಂದರೆ ಎರಡನೆಯದು.

ಇನ್ನು ಬರವಣಿಗೆ. "ಗಣಿತ 101 ಮತ್ತು ಭೌತ 101 ಅಥವಾ ಗಣಿತ 110" ಎಂದು ಬರೆದರೆ ಏನರ್ಥ? ಗಣಿತ 101 ಎಲ್ಲರಿಗೂ ಬೇಕೇ, ಅಥವಾ ಗಣಿತ 110 ಒಂದೇ ಸಾಕೇ? ಬರೆದವರಿಗೆ ಅನುಮಾನವೇ ಬರುವುದಿಲ್ಲ, ಅವರ ತಲೆಯಲ್ಲಿ ಆವರಣ ಚಿಹ್ನೆ ಇದೆ. ನೋಂದಣಿಯ ಸಾಫ್ಟ್‌ವೇರ್‌ಗೆ ಅದನ್ನು ತುಂಬುವ ಗುಮಾಸ್ತರು ಮಾತ್ರ ಊಹಿಸಬೇಕಾಗುತ್ತದೆ. "ಇವುಗಳಲ್ಲಿ ಒಂದು" ಎಂದೋ "ಇವೆರಡೂ" ಎಂದೋ ಬಿಡಿಸಿ ಬರೆಸಿ. ಉತ್ತೀರ್ಣನಾಗಿದ್ದರೆ ಸಾಕೋ, ಹಾಜರಾಗಿದ್ದರೆ ಸಾಕೋ, ಇಂತಿಷ್ಟು ಗ್ರೇಡ್ ಬೇಕೋ ಎಂಬುದನ್ನೂ ಬರೆಸಿ. "ಅಥವಾ ಅಧ್ಯಾಪಕರ ಅನುಮತಿ" ಎಂಬ ಬಾಲ ಎಲ್ಲ ಕಡೆ ಇದ್ದರೆ ಆ ಪೂರ್ವಾರ್ಹತೆ ಇದ್ದೂ ಇಲ್ಲದಂತೆ.

ಕೋರ್ಸ್ ತೆಗೆದುಹಾಕುವಾಗ ಇದರ ತಲೆಕೆಳಗು ಸಮಸ್ಯೆ. ಕೋರ್ಸ್ ಹೋಯಿತು, ಆದರೆ ಅದನ್ನು ಪೂರ್ವಾರ್ಹತೆಯಾಗಿ ಹೆಸರಿಸಿದ ಬೇರೆ ವಿಭಾಗದ ನಾಲ್ಕು ಕೋರ್ಸ್‌ಗಳಲ್ಲಿ ಆ ಸಂಖ್ಯೆ ಹಾಗೇ ಉಳಿಯಿತು. ಹೊಸ ವಿದ್ಯಾರ್ಥಿ ಇಲ್ಲದ ಕೋರ್ಸ್ ಪಾಸಾಗದ ಕಾರಣಕ್ಕೆ ಇರುವ ಕೋರ್ಸಿಗೆ ಸೇರಲಾರ. ಪ್ರಸ್ತಾವ ಬರೆಯುವ ಮೊದಲೇ ಕೋರ್ಸ್ ಪಟ್ಟಿಯಲ್ಲಿ ಆ ಸಂಖ್ಯೆಯನ್ನು ಹುಡುಕಿ, ಸಿಕ್ಕ ಜಾಗಗಳ ಪಟ್ಟಿ ಲಗತ್ತಿಸಬೇಕು. ಹಾಗೆಯೇ, ತೆಗೆದ ಕೋರ್ಸಿನ ಸಂಖ್ಯೆಯನ್ನು ಹೊಸದಕ್ಕೆ ಕೊಡಬೇಡಿ, ಹಲವು ವರ್ಷ ಖಾಲಿ ಬಿಡಿ. ಇಲ್ಲದಿದ್ದರೆ ಇಬ್ಬರ ಅಂಕಪಟ್ಟಿಯಲ್ಲಿ ಒಂದೇ ಸಂಖ್ಯೆ, ಎರಡು ವಿಷಯ. ಬಾಕಿ ಪೇಪರ್ ಕಟ್ಟಲು ಬಂದವನಿಗೆ ಯಾವ ಪ್ರಶ್ನೆಪತ್ರಿಕೆ ಎಂಬ ಗೊಂದಲ.

ನೆರೆಯ ವಿಭಾಗದವರ ಒಪ್ಪಿಗೆಪತ್ರ ಎಂಬುದೊಂದಿದೆ. ಹೆಚ್ಚಿನ ಕಡೆ ಅದು ಬರೀ ಸಹಿಯಾಗಿರುತ್ತದೆ. ಮುಖ್ಯಸ್ಥರು ನಡೆದುಹೋಗುತ್ತಾ ಮಾಡಿದ ಸಹಿ. ಉಪಯೋಗದ ಪತ್ರದಲ್ಲಿ ಮೂರು ಸಂಗತಿ ಇರುತ್ತವೆ: ನಮ್ಮ ಯಾವ ಕಾರ್ಯಕ್ರಮ ಇದರಿಂದ ಬದಲಾಗಬೇಕು, ಆ ಬದಲಾವಣೆಯನ್ನು ನಾವು ಯಾವ ಸಭೆಗೆ ತರುತ್ತೇವೆ, ನಮ್ಮಿಂದ ವರ್ಷಕ್ಕೆ ಎಷ್ಟು ವಿದ್ಯಾರ್ಥಿಗಳು ಈ ಕೋರ್ಸಿಗೆ ಬರುತ್ತಾರೆ. ಮೊದಲು ಹೇಳಿದ ಗಣಿತದ ಪ್ರಸ್ತಾವದ ಜೊತೆ ಭೌತವಿಜ್ಞಾನದಿಂದ ಇಂಥ ಪತ್ರ ಬಂದಿದ್ದರೆ ಒಂಬತ್ತನೇ ವಾರದ ವಿಷಯ ಮೊದಲೇ ಹೊರಬೀಳುತ್ತಿತ್ತು. ಪರಿಹಾರವೂ ಸುಲಭವಾಗಿತ್ತು, ಗಣಿತದವರು ಐಗನ್ ಮೌಲ್ಯವನ್ನು ಎಂಟನೇ ವಾರಕ್ಕೆ ತರಬಹುದಿತ್ತು.

ಒಂದೇ ವಿಷಯ ಎರಡು ವಿಭಾಗದಲ್ಲಿ ಬರುತ್ತದೆಯೆಂಬ ತಕರಾರು ಸಭೆಯಲ್ಲಿ ಜೋರಾಗಿಯೇ ಕೇಳಿಬರುತ್ತದೆ. ಸಂಖ್ಯಾಶಾಸ್ತ್ರದ ಪೀಠಿಕೆಯನ್ನು ಅರ್ಥಶಾಸ್ತ್ರ, ಮನೋವಿಜ್ಞಾನ, ಸಮಾಜಶಾಸ್ತ್ರ ಮೂರೂ ಕಲಿಸುತ್ತವೆ, ಸಂಖ್ಯಾಶಾಸ್ತ್ರ ವಿಭಾಗ ಮುನಿಸಿಕೊಳ್ಳುತ್ತದೆ. ಇದು ಬಹುಪಾಲು ವಿದ್ಯಾರ್ಥಿ ಸಂಖ್ಯೆಯ ಜಗಳ. ವಿದ್ಯಾರ್ಥಿಗಳು ಎಲ್ಲಿಗೋ ಹುದ್ದೆಗಳೂ ಅಲ್ಲಿಗೆ. ಹಾಗೆಂದು ತಳ್ಳಿಹಾಕಲೂ ಆಗದು. ವಾರವಾರು ಸಿಲಬಸ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಹೆಚ್ಚಿನ ವಾರಗಳು ಒಂದೇ ಆಗಿದ್ದರೆ ಒಂದು ಮಾಡಿದವನಿಗೆ ಇನ್ನೊಂದರ ಕ್ರೆಡಿಟ್ ಇಲ್ಲ ಎಂಬ ಸಾಲು ಸೇರಿಸಿ. ಉದಾಹರಣೆಗಳು, ದತ್ತಾಂಶ, ಬಳಸುವ ವಿಧಾನಗಳೇ ಬೇರೆಯಾದರೆ ಎರಡೂ ಇರಲಿ.

ಕಲಿಕಾ ಫಲಿತಗಳ ಅಂಕಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೆಂಜಮಿನ್ ಬ್ಲೂಮ್ ಮತ್ತು ಸಂಗಡಿಗರು 1956ರಲ್ಲಿ ಕೊಟ್ಟ, 2001ರಲ್ಲಿ ಪರಿಷ್ಕೃತವಾದ ಕಲಿಕೆಯ ಗುರಿಗಳ ವರ್ಗೀಕರಣದಿಂದ ಕ್ರಿಯಾಪದ ಆಯ್ದು ತುಂಬುವುದು ಈಗ ಒಂದು ಶಾಸ್ತ್ರದಂತಾಗಿದೆ. "ಮ್ಯಾಟ್ರಿಕ್ಸ್‌ಗಳ ಬಗ್ಗೆ ಅರಿವು ಪಡೆಯುವರು" ಎಂಬುದಕ್ಕೆ ಪ್ರಶ್ನೆ ತೆಗೆಯಲಾಗದು. "3×3 ಮ್ಯಾಟ್ರಿಕ್ಸಿನ ಐಗನ್ ಮೌಲ್ಯಗಳನ್ನು ಕೈಲೆಕ್ಕದಲ್ಲಿ ಕಂಡುಹಿಡಿಯುವರು" ಎಂಬುದಕ್ಕೆ ತೆಗೆಯಬಹುದು. ಅಷ್ಟು ನೋಡಿದರೆ ಸಾಕು.

ಸಿಲಬಸ್ಸಿನಲ್ಲಿ ಎಷ್ಟು ವಿವರ ಇರಬೇಕು ಎಂಬುದಕ್ಕೆ ಒಂದೇ ಉತ್ತರವಿಲ್ಲ. ಪಾಠ ಮಾಡಿದವರೇ ಪ್ರಶ್ನೆಪತ್ರಿಕೆ ತೆಗೆಯುವ ಕಡೆ ಅಸ್ಥಿಪಂಜರ ಸಾಕು. ಪುಸ್ತಕಗಳ ಹೆಸರನ್ನೆಲ್ಲ ಅನುಮೋದನೆಯೊಳಗೆ ಸೇರಿಸಿದರೆ ಒಂದು ಪುಸ್ತಕ ಬದಲಿಸಲೂ ಪರಿಷತ್ತಿನ ಸಭೆ ಕಾಯಬೇಕು. ಆದರೆ 1857ರಲ್ಲಿ ಲಂಡನ್ ವಿಶ್ವವಿದ್ಯಾಲಯದ ಮಾದರಿಯಲ್ಲಿ ಕಲಕತ್ತ, ಬೊಂಬಾಯಿ, ಮದರಾಸು ವಿಶ್ವವಿದ್ಯಾಲಯಗಳು ಶುರುವಾದಾಗಿನಿಂದ ಬೆಳೆದುಬಂದ ಸಂಯೋಜನೆಯ ಪದ್ಧತಿಯಲ್ಲಿ, ಹತ್ತಾರು ಕಾಲೇಜುಗಳಲ್ಲಿ ಪಾಠ, ಒಂದೇ ಪ್ರಶ್ನೆಪತ್ರಿಕೆ. ಪ್ರಶ್ನೆ ತೆಗೆಯುವವರು ಆ ತರಗತಿಗಳನ್ನು ನೋಡಿಯೇ ಇಲ್ಲ. ಅಲ್ಲಿ "ಆಧುನಿಕ ಕಾವ್ಯ, ಆಯ್ದ ಭಾಗಗಳು" ಎಂದು ಬರೆದರೆ ಒಂದು ಕಾಲೇಜು ಒಂದನ್ನು, ಇನ್ನೊಂದು ಕಾಲೇಜು ಮತ್ತೊಂದನ್ನು ಪಾಠ ಮಾಡಿ ಪರೀಕ್ಷೆಯ ದಿನ ಗಲಾಟೆ. ಘಟಕವಾರು ವಿಷಯ, ಪ್ರತಿ ಘಟಕಕ್ಕೆ ಗಂಟೆ, ಅಂಕಗಳ ಹಂಚಿಕೆ ಅಲ್ಲಿ ಇರಲೇಬೇಕು. ಸ್ವಾಯತ್ತವಾದ ಕಾಲೇಜುಗಳು ಹಳೆಯ ಅಭ್ಯಾಸಬಲದಿಂದ ಅದೇ ಬಿಗಿಯನ್ನು ಉಳಿಸಿಕೊಳ್ಳುವುದು ಸ್ವಾತಂತ್ರ್ಯ ಸಿಕ್ಕ ಮೇಲೂ ಕೈಕಟ್ಟಿ ಕೂತಂತೆ.

ಸಂಪನ್ಮೂಲದ ಅಂಕಣದಲ್ಲಿ "ಹೆಚ್ಚುವರಿ ಅಗತ್ಯವಿಲ್ಲ" ಎಂದಿದ್ದರೆ ನಂಬಬೇಡಿ, ಭಾಗಾಕಾರ ಮಾಡಿ. 300 ವಿದ್ಯಾರ್ಥಿಗಳಿಗೆ ಕಡ್ಡಾಯ, ತರಗತಿಗೆ 40 ಜನ ಎಂದರೆ 8 ಸೆಕ್ಷನ್. ವಾರಕ್ಕೆ 3 ಗಂಟೆಯಂತೆ 24 ಗಂಟೆ. ಒಬ್ಬರ ಕಾರ್ಯಭಾರ 12 ಗಂಟೆಯಾದರೆ ಇಬ್ಬರು ಪೂರ್ಣಾವಧಿ ಅಧ್ಯಾಪಕರು. ಪ್ರಯೋಗವಿದ್ದರೆ ಇನ್ನೂ ಬಿಗಿ: 20 ಜನರ ಬ್ಯಾಚ್ ಆದರೆ 15 ಬ್ಯಾಚ್, ಒಂದೊಂದಕ್ಕೆ 3 ಗಂಟೆ, ವಾರಕ್ಕೆ 45 ಗಂಟೆ. ಐದು ದಿನ ಎಂಟೆಂಟು ಗಂಟೆ ತೆರೆದಿಟ್ಟರೂ ಪ್ರಯೋಗಾಲಯಕ್ಕೆ ಇರುವುದು 40. ಈ ಕೋರ್ಸ್ ವೇಳಾಪಟ್ಟಿಯಲ್ಲಿ ಕೂರುವುದೇ ಇಲ್ಲ.

ಕಾಲದ ಲೆಕ್ಕವನ್ನು ಹಿಂದಿನಿಂದ ಮುಂದಕ್ಕೆ ಹಾಕಬೇಡಿ, ಕೊನೆಯಿಂದ ಶುರುಮಾಡಿ. ವಿದ್ಯಾರ್ಥಿಗಳು ನೋಂದಾಯಿಸುವ ದಿನ, ಅದಕ್ಕೂ ಮೊದಲು ಕೈಪಿಡಿ ಹೊರಬರುವ ದಿನ, ಅದಕ್ಕೂ ಮೊದಲು ಪರಿಷತ್ತಿನ ಸಭೆ, ಅದಕ್ಕೂ ಮೊದಲು ಸಮಿತಿ, ಮಂಡಳಿ. ಪ್ರತಿ ಹಂತದಲ್ಲೂ ತಿಂಗಳಿಗೊಂದು ಸಭೆ ಎಂದುಕೊಂಡರೂ, ಒಂದು ಹಂತದಲ್ಲಿ ತಿದ್ದುಪಡಿಗೆ ಹಿಂದಿರುಗಿದರೆ ಕನಿಷ್ಠ ಒಂದು ತಿಂಗಳು ಹೋಯಿತು. ಒಂದು ವರ್ಷ ಮೊದಲೇ ಶುರುಮಾಡಿದ ಪ್ರಸ್ತಾವ ಸಮಯಕ್ಕೆ ಮುಟ್ಟುತ್ತದೆ. ತುರ್ತು ಎಂದು ಬಂದದ್ದನ್ನು "ಪರಿಷತ್ತಿನ ಮುಂದಿನ ಸಭೆಯ ಸ್ಥಿರೀಕರಣಕ್ಕೆ ಒಳಪಟ್ಟು" ಜಾರಿ ಮಾಡುವ ದಾರಿಯೂ ಇದೆ. ಸ್ಥಿರೀಕರಣದ ಹೊತ್ತಿಗೆ ವಿದ್ಯಾರ್ಥಿಗಳು ಅರ್ಧ ಪಾಠ ಮುಗಿಸಿರುತ್ತಾರೆ. ಆಮೇಲೆ ತಿರಸ್ಕರಿಸುವ ಧೈರ್ಯ ಯಾವ ಪರಿಷತ್ತಿಗಿದೆ?

ಸಭೆಯಲ್ಲಿ ಪಾಲಿಸಬೇಕಾದ ಒಂದೇ ಮಾತು: ಕೂತಲ್ಲೇ ಸಿಲಬಸ್ ತಿದ್ದಬೇಡಿ. ಮೂವತ್ತು ಜನ ಸೇರಿ ಬರೆದ ವಾಕ್ಯ ಯಾರಿಗೂ ಅರ್ಥವಾಗದು. ತಪ್ಪು ಪದದಲ್ಲಿದ್ದರೆ ತಿದ್ದುಪಡಿ, ವಿಷಯದಲ್ಲಿದ್ದರೆ ಇಂಥ ದಿನಾಂಕದೊಳಗೆ ತರಬೇಕೆಂದು ಸಮಿತಿಗೆ ವಾಪಸ್. ನಡಾವಳಿಯಲ್ಲಿ "ಚರ್ಚಿಸಿ ಅನುಮೋದಿಸಲಾಯಿತು" ಎಂದಷ್ಟೇ ಬರೆದರೆ ಸಾಲದು. ಅಂತಿಮ ಪಠ್ಯ ಲಗತ್ತಾಗಬೇಕು, ಯಾವ ವರ್ಷ ಪ್ರವೇಶ ಪಡೆದವರಿಂದ ಜಾರಿ ಎಂದು ಬರೆದಿರಬೇಕು. "ಈ ಶೈಕ್ಷಣಿಕ ವರ್ಷದಿಂದ" ಎಂದು ಬರೆದರೆ ಈಗಾಗಲೇ ಮೂರನೇ ಸೆಮಿಸ್ಟರಿನಲ್ಲಿ ಇರುವವರಿಗೂ ಅನ್ವಯಿಸುತ್ತದೋ ಇಲ್ಲವೋ ಎಂದು ಆರು ತಿಂಗಳ ನಂತರ ವಾದ ಏಳುತ್ತದೆ.

ಹಳೆಯ ಪಠ್ಯಕ್ರಮದವರಿಗೆ ಸಮಾನತೆಯ ಪಟ್ಟಿ ಬೇಕು: ಹಳೆಯ 4 ಕ್ರೆಡಿಟ್ ಕೋರ್ಸಿನಲ್ಲಿ ಅನುತ್ತೀರ್ಣನಾದವನು ಈಗ ಏನು ಮಾಡಬೇಕು? ಹೊಸ 3 ಕ್ರೆಡಿಟಿನದು ಕಟ್ಟಿದರೆ ಉಳಿದ 1 ಎಲ್ಲಿಂದ? ಹಳೆಯ ಪರೀಕ್ಷೆಯನ್ನು ಇನ್ನೆಷ್ಟು ಸಲ ನಡೆಸುತ್ತೀರಿ? ಇದನ್ನು ಅದೇ ಸಭೆಯಲ್ಲಿ ತೀರ್ಮಾನಿಸಿ, ಆಮೇಲೆ ನೋಡೋಣ ಎಂದರೆ ಪರೀಕ್ಷಾ ವಿಭಾಗ ವಿದ್ಯಾರ್ಥಿಗೊಂದು ಬಗೆಯಾಗಿ ತೀರ್ಮಾನಿಸುತ್ತದೆ.

ಅನುಮೋದನೆ ಸಿಕ್ಕಿತೆಂದರೆ ಪಠ್ಯ ಸಾಫ್ಟ್‌ವೇರ್‌ಗೆ ಏರಿತೆಂದಲ್ಲ. ನೋಂದಣಿ ತೆರೆಯುವ ಎರಡು ವಾರ ಮೊದಲು ವಿಭಾಗದಿಂದ ಒಬ್ಬರು ಕುಲಸಚಿವರ ಕಚೇರಿಯಲ್ಲಿ ಕೂತು, ಮೂವರು ಹುಸಿ ವಿದ್ಯಾರ್ಥಿಗಳ ಹೆಸರಿನಲ್ಲಿ ಸೇರಿಸಿ ನೋಡಲಿ: ಹೊಸದಾಗಿ ಬಂದವನು, ಹಳೆಯದರಲ್ಲಿ ಪಾಸಾದವನು, ಹಳೆಯದರಲ್ಲಿ ಫೇಲಾದವನು. ಮೊದಲಿಬ್ಬರು ಸಾಮಾನ್ಯವಾಗಿ ದಾಟುತ್ತಾರೆ. ಮೂರನೆಯವನು ಸಿಕ್ಕಿಬಿದ್ದರೆ ಮೊದಲು ಸಮಾನತೆಯ ಪಟ್ಟಿ ಎಲ್ಲಿದೆ ಎಂದು ಕೇಳಿ. ಅದು ನಡಾವಳಿಯ ಅನುಬಂಧದಲ್ಲಿ ಇರುತ್ತದೆ, ಸಾಫ್ಟ್‌ವೇರಿನಲ್ಲಿ ಇರುವುದಿಲ್ಲ.